ಬಂದರಿನ ಮಾತುಕತೆ

ಹಿಲ್ಕಾ,

ಇವತ್ತು ನಾನು ಒಂದು ದೇಶದ ಮಂತ್ರಿಯಾಗಿದ್ದೆ. ನಗಬೇಡ, ಮೊದಲಿನಿಂದ ಹೇಳುತ್ತೇನೆ. ನಮ್ಮ ಮೊಮ್ಮಗಳು ಪಿಹ್ಲಾ ಇಲ್ಲೇ ಟಾಂಪೆರೆಯಲ್ಲಿ ಅಂತರರಾಷ್ಟ್ರೀಯ ಭದ್ರತೆಯಲ್ಲಿ ಎಂ.ಎ. ಓದುತ್ತಿದ್ದಾಳೆ. ನೀನು ಕೊನೆಯ ಸಲ ನೋಡಿದಾಗ ಅವಳ ಹಲ್ಲಿಗಿನ್ನೂ ತಂತಿ ಇತ್ತು. ಅವರಿಗೆ ಬೇರೆ ಬೇರೆ ದೇಶಗಳಾಗಿ ಕೂತು ಸಂಧಾನ ನಡೆಸುವ ಪರೀಕ್ಷೆಯಿತ್ತು. ಅವಳ ತಂಡದಲ್ಲಿ ಮಂತ್ರಿಯಾಗಬೇಕಿದ್ದ ಹುಡುಗನಿಗೆ ಜ್ವರ. ಹೊರಗಿನವರೂ ಕೂರಬಹುದೆಂದು ನನ್ನನ್ನು ಎಳೆದುಕೊಂಡು ಹೋದಳು. ನಮ್ಮ ಪಾಲಿನ ದೇಶದ ಬಂದರನ್ನು ಎದುರಿನವರಿಗೆ ಬಿಟ್ಟುಕೊಟ್ಟರೆ ಅವಳು ಫೇಲು.

ಎದುರಿನ ದೇಶವಾಗಿ ಕೂತವನು ಸ್ಪೇನಿನ ಹುಡುಗ ಇನ್ಯಾಕಿ. "ನಿಮ್ಮ ಬಂದರಿನಲ್ಲಿ ನಮ್ಮ ಹತ್ತು ಯುದ್ಧನೌಕೆ ನಿಲ್ಲಬೇಕು" ಎಂದ. ಕೇಳಿದ ಮಾತನ್ನು ಸ್ವಲ್ಪ ಹೊತ್ತು ಒಳಗಿಟ್ಟುಕೊಂಡೇ ಉತ್ತರ ಕೊಡುವ ಜನ ನಾವು ಫಿನ್ಲೆಂಡಿನವರು, ಅದರ ಮೇಲೆ ಅರ್ಧ ಮರೆತ ನನ್ನ ಕಾಲೇಜಿನ ಇಂಗ್ಲಿಷ್ ಬೇರೆ. ಸುಮ್ಮನೆ ಅವನನ್ನೇ ನೋಡಿದೆ.

"ಸರಿ, ಐದು?"

ನಾನು ಮಾತು ಹುಡುಕುತ್ತಲೇ ಇದ್ದೆ.

"ಆಯ್ತು ಸಾರ್, ಒಂದೂ ಬೇಡ. ಹಾಗೆ ನೋಡ್ಬೇಡಿ."

ಪಿಹ್ಲಾ ಪಾಸಾದಳು. ಹೊರಗೆ ಬಂದವಳೇ, "ತಾತ, ಅಷ್ಟು ಹೊತ್ತು ಏನು ಲೆಕ್ಕ ಹಾಕ್ತಿದ್ದೆ?" ಎಂದಳು.

"ಪಾಪ, ಅಷ್ಟು ಕೇಳ್ತಿದ್ದಾನೆ, 'ಎರಡು ನಿಲ್ಲಿಸ್ಕೋ' ಅನ್ನೋದಕ್ಕೆ ಇಂಗ್ಲಿಷ್ ಹುಡುಕ್ತಿದ್ದೆ ಕಣೇ."

"ಒಪ್ಕೊಳ್ಳೋಕೆ ಹೊರಟಿದ್ಯಾ? ಸದ್ಯ, ನಿಂಗೆ ಇಂಗ್ಲಿಷ್ ಬರಲ್ಲ."

ನನ್ನ ಮುಖದಲ್ಲಿ ಆ ಹುಡುಗ ಏನು ಓದಿದನೋ ಎಂದು ದಾರಿಯುದ್ದಕ್ಕೂ ಕುತೂಹಲ. ಒಮ್ಮೆ ನೀನು, "ಸಮುದ್ರದ ಹತ್ತಿರ ಮನೆ ಮಾಡೋಣ್ವಾ?" ಎಂದು ಕೇಳಿದ್ದೆ. ನಾನು ಕಾಫಿ ಕಲಕುತ್ತಿದ್ದೆ. "ಹೋಗ್ಲಿ ಬಿಡು" ಎಂದು ನೀನೇ ಎದ್ದು ಹೋದೆ. ಆಮೇಲೆ ಆ ಮಾತೇ ಬರಲಿಲ್ಲ.

ನೀನು ಏನು ಓದಿದೆ, ಹಿಲ್ಕಾ? ಆ ಸಮುದ್ರದ ಮನೆಯಲ್ಲಿ ನಿನ್ನ ಮಗ್ಗವನ್ನು ಯಾವ ಕಿಟಕಿಯ ಬಳಿ ಇಡೋಣವೆಂದು ನಾನು ಯೋಚಿಸುತ್ತಿದ್ದೆ.