ಒಂದೂವರೆ ನಿಮಿಷ

ಜುಲೈ 1, ಮಂಗಳವಾರ. ಬೆಳಿಗ್ಗೆ 9.20

ಮತ್ತೆ ಅದೇ ಗೋಳು. ಕಂಪ್ಯೂಟರಿನ ಬಟನ್ ಒತ್ತಿ, ಅಂಗಡಿಯ ಕಸ ಗುಡಿಸಿ, ಊದುಬತ್ತಿ ಹಚ್ಚಿ ಬಂದರೂ ಸ್ಕ್ರೀನ್ ಕಪ್ಪಗೇ ಇದೆ. ಹೊರಗೆ ಸ್ಕಾಲರ್‌ಶಿಪ್ ಅರ್ಜಿಯವರು ನಾಲ್ಕು ಜನ.

‘ಏನ್ರಿ ಮೇಡಮ್, ನಿಮ್ಮ ಕಂಪ್ಯೂಟರಿಗಿ ಇನ್ನಾ ನಿದ್ದಿ ಬಿಟ್ಟಿಲ್ಲೇನ್ರಿ?’ ಎಂದ ಒಬ್ಬ. ಸುಮ್ಮನೆ ಹಲ್ಲು ಕಿಸಿದೆ.

ಸಂಜೆ ಆರಿಸುವಾಗಲೂ ಹೀಗೇ. ಸುರಪುರದ ಕರೆಂಟಿಗೆ ಹೊತ್ತುಗೊತ್ತಿಲ್ಲ. ಯುಪಿಎಸ್ ಬ್ಯಾಟರಿ ತಡೆಯುವುದು ಒಂದೇ ನಿಮಿಷ. ಅಷ್ಟರೊಳಗೆ ಇದು ಆರುವುದಿಲ್ಲ... ಒಂದು ದಿನ ಎಲ್ಲ ಕೆಟ್ಟು ಕೂರುತ್ತದೆ. ವೈರಸ್ ಬರುವುದಿಲ್ಲ ಎಂದು ವಿಂಡೋಸ್ ಬಿಟ್ಟು ಲಿನಕ್ಸ್ ಹಾಕಿದವರು ನಮ್ಮ ಮನೆಯವರು. ಹಾಕಿದವರು ಇಲ್ಲ, ಅನುಭವಿಸುವವಳು ನಾನು.

ಜುಲೈ 3, ಗುರುವಾರ

ಶಹಾಪುರದ ಖಾಜಾಮಿಯಾಗೆ ಫೋನ್ ಮಾಡಿದೆ. ಕಂಪ್ಯೂಟರ್ ರಿಪೇರಿಯವರು, ನಮ್ಮವರ ದೋಸ್ತ. ಕಪ್ಪು ಸ್ಕ್ರೀನಿನ ಮೇಲೆ ಬರುವ ಸಾಲನ್ನು ಓದಿ ಹೇಳಿದೆ. ಯಾವುದೋ ಡಿಸ್ಕಿಗೆ ಕಾಯುತ್ತಿದೆಯಂತೆ. ಒಂದು ನಿಮಿಷ ಮೂವತ್ತು ಸೆಕೆಂಡು ಕಾದು, ಸಿಗದಿದ್ದರೆ ಮುಂದೆ ಹೋಗುತ್ತದಂತೆ.

‘ಯಾವುದರೆ ಡಿಸ್ಕ್ ಹೊರಗಿಂದು ಹಚ್ಚತಿದ್ನೇನ್ರಿ ವೈನಿ ಅಂವ?’

ಹಚ್ಚುತ್ತಿದ್ದರು. ಅಂಗೈಯಷ್ಟು ದೊಡ್ಡದು. ಚೀಲದಲ್ಲೇ ಇರುತ್ತಿತ್ತು. ಹೋದ ಆಗಸ್ಟಿನಲ್ಲಿ ಕೆಂಭಾವಿ ರಸ್ತೆಯ ಹಳ್ಳ ಉಕ್ಕಿ ಬಂದಾಗ ಆ ಚೀಲ ಅವರ ಬೆನ್ನಿಗಿತ್ತು, ಫೋನ್ ಜೇಬಿನಲ್ಲಿತ್ತು. ಬೈಕ್ ಜಾಲಿ ಗಿಡಕ್ಕೆ ಸಿಕ್ಕಿಕೊಂಡಿತ್ತು. ಚೀಲ ಸಿಗಲಿಲ್ಲ, ಅವರೂ ಸಿಗಲಿಲ್ಲ.

ಹನ್ನೊಂದು ತಿಂಗಳಿಂದ ದಿನಾ ಬೆಳಿಗ್ಗೆ ಈ ಯಂತ್ರ ಅವರ ಚೀಲಕ್ಕೆ ಕಾದಿದೆ. ನಾನು ದಿನಾ ಅದನ್ನು ಬೈದಿದ್ದೇನೆ.

‘ಡಿಸ್ಕಿನ ಪಟ್ಟಿ ಇರೂ ಫೈಲ್ ಹೇಳ್ತೀನಿ, ತೆರೀರಿ. ಅದರಾಗ ಆ ಸಾಲಿನ ಮುಂದ ಒಂದು ಹ್ಯಾಶ್ ಗುರ್ತು ಹಾಕಿಬಿಡ್ರಿ. ಕಾಯೂದು ಬಿಡ್ತದ.’

ಹಾಕಿದೆ. ಇಪ್ಪತ್ತೇ ಸೆಕೆಂಡಿಗೆ ಶುರುವಾಯಿತು. ಖುಷಿಯಾಗಬೇಕಿತ್ತು. ಅಳು ಬಂತು.

ಜುಲೈ 5, ಶನಿವಾರ. ಸಂಜೆ 6.50

ಆರಿಸುವುದು ಮಾತ್ರ ಸರಿಹೋಗಿಲ್ಲ. ಒಬ್ಬ ಯೂಸರ್ ಇನ್ನೂ ಒಳಗಿದ್ದಾನೆ, ಅವನು ಹೊರಡುವವರೆಗೆ ಕಾಯುತ್ತೇನೆ ಎನ್ನುತ್ತದೆ. ನಾನು ನನ್ನ ಖಾತೆಯಿಂದ ಹೊರಬಂದಾಗಿದೆ. ಇನ್ನು ಯಾರು?

ಖಾಜಾಮಿಯಾ ಫೋನಿನಲ್ಲಿ ಒಂದು ಕಮಾಂಡ್ ಹೇಳಿದರು. ಮತ್ತೆ ನನ್ನ ಖಾತೆಯೊಳಗೆ ಹೋಗಿ ಹೊಡೆದೆ. ಎರಡು ಹೆಸರು ಬಂದವು. ಒಂದು ನನ್ನದು. ಇನ್ನೊಂದು...

‘ಯಾವ ಯೂಸರ್ ತೋರಸ್ತದ್ರಿ?’

‘ಅವರು.’

‘ಅವರು ಅಂದ್ರ ಯಾರ್ರಿ? ಸ್ಕ್ರೀನ್ ಮ್ಯಾಲಿಂದು ಓದ್ರಿ.’

ಹೇಗೆ ಓದಲಿ? ಮದುವೆಯಾಗಿ ಒಂಬತ್ತು ವರ್ಷ, ಒಂದು ಸಲವೂ ಗಂಡನ ಹೆಸರು ಹಿಡಿದಿಲ್ಲ. ರೇಷನ್ ಕಾರ್ಡಿನ ಅರ್ಜಿಯಲ್ಲೂ ಆ ಕಾಲಂ ಅವರೇ ತುಂಬಿದ್ದು.

‘ಏಳು ಬೆಟ್ಟದ ಮ್ಯಾಲಿನ ಊರ್ರಿ,’ ಎಂದೆ.

ಖಾಜಾಮಿಯಾ ಹೆಸರು ಕೇಳುವುದು ಬಿಟ್ಟರು. ಆಮೇಲೆ ಮೆಲ್ಲಗೆ, ‘ಎಷ್ಟೊತ್ತಿಗೆ ಒಳಗ ಬಂದಾನಂತ ಅದರಿ?’

ಬೆಳಿಗ್ಗೆ 9.12. ನಾನು ಶಟರ್ ಎತ್ತಿ ಬಟನ್ ಒತ್ತಿದ ಹೊತ್ತು.

ಜುಲೈ 12, ಶನಿವಾರ. 11.30

ಅತ್ತೆ ಭೀಮಮ್ಮ ಹತ್ತೂವರೆಗೆ ಊರಿಂದ ನೇರ ಅಂಗಡಿಗೇ ಬಂದರು. ನೀರೂ ಕುಡಿಯಲಿಲ್ಲ.

‘ವರ್ಷ ತುಂಬೂದ್ರಾಗ ಅವನ ಕಾರ್ಯಾ ಮುಗಸಬೇಕಂತ ಹಿರೇರು ಹೇಳ್ಯಾರ. ಅಮಾಸಿ ದಿನ ಹೊಳಿಗಿ ಹೋಗೂಣು. ಜ್ವಾಳದ ದಂಟಿನ ಗೊಂಬಿ ಮಾಡಿ ಅವನ ಅಂಗಿ ತೊಡಸೂದು. ನೀ ಮೂರು ಸಲ ಹೆಸರು ಹಿಡದು ಕರೀಬೇಕು. ಓ ಅನ್ನಲಿಲ್ಲಂದ್ರ ಇಲ್ಲಂತ ತಿಳಕೊಂಡು ಗೊಂಬಿ ನೀರಿಗಿ ಬಿಡೂದು.’

‘ನಾ ಹ್ಯಾಂಗ ಹೆಸರು ಹಿಡೀಲಿ ಅತ್ತಿ?’

‘ಅದೊಂದಿನ ನಡೀತೈತಿ ಯವ್ವಾ.’ ಅಷ್ಟು ಹೇಳಿ ನನ್ನ ಕೈಯ ಹಸಿರು ಬಳೆ ನೋಡುತ್ತ ಕೂತರು.

ನನಗೆ ಸಿಟ್ಟು ಬಂತು. ಹೆತ್ತವಳ ಬಾಯಲ್ಲಿ ಇಂಥ ಮಾತು ಹೇಗೆ ಬಂತು? ಅವರ ಕಣ್ಣು ನೋಡಿದ ಮೇಲೆ ಸಿಟ್ಟು ಇಳಿಯಿತು. ಬದುಕಿದ್ದಾರೆ ಎನ್ನಲು ನನ್ನ ಹತ್ತಿರ ಏನಿದೆ? ಸಂಜೆ ಆರದ ಒಂದು ಕಂಪ್ಯೂಟರ್.

ಜುಲೈ 19, ಶನಿವಾರ. ಸಂಜೆ 5

ಖಾಜಾಮಿಯಾ ಖುದ್ದಾಗಿ ಬಂದು ಕೂತು ಬಿಚ್ಚಿ ನೋಡಿದರು. ದೆವ್ವವೂ ಇಲ್ಲ, ಗಾಳಿಯೂ ಇಲ್ಲ. ನಮ್ಮವರೇ ಬರೆದಿಟ್ಟ ಸಣ್ಣ ಪ್ರೋಗ್ರಾಮ್. ಕಂಪ್ಯೂಟರ್ ಶುರುವಾದ ಕೂಡಲೇ ಅವರ ಹೆಸರಲ್ಲಿ ತಾನಾಗಿಯೇ ಏಳುತ್ತದೆ. ಅವರ ಫೋನ್ ಅಂಗಡಿಯ ವೈಫೈಗೆ ಬಂತೇ ಎಂದು ಐದೈದು ನಿಮಿಷಕ್ಕೆ ಹುಡುಕುತ್ತದೆ. ಬಂದರೆ ಅದರಲ್ಲಿನ ಹೊಸ ಫೋಟೊ ಇಳಿಸಿಕೊಳ್ಳುತ್ತದೆ. ಆರಿಸಲು ಹೋದರೂ ಹುಡುಕಾಟ ಬಿಡುವುದಿಲ್ಲ. ಒಂದೂವರೆ ನಿಮಿಷ ನೋಡಿ ಕಂಪ್ಯೂಟರೇ ಅದನ್ನು ಕತ್ತು ಹಿಡಿದು ನಿಲ್ಲಿಸುತ್ತದೆ.

ಹುಡುಕಿದ್ದರ ದಾಖಲೆಯೂ ಇದೆ. ತೆರೆದರು. ಸಿಗಲಿಲ್ಲ. ಸಿಗಲಿಲ್ಲ. ಸಿಗಲಿಲ್ಲ. ಹನ್ನೊಂದು ತಿಂಗಳ ಸಾಲುಗಳು. ಇಬ್ಬರೂ ಕೆಳಗಿಳಿಸುತ್ತ ಹೋದೆವು.

ಜುಲೈ 12, 10.50. ಸಿಕ್ಕಿತು. ಹೊಸ ಫೋಟೊ ಇಲ್ಲ.

10.55. ಸಿಗಲಿಲ್ಲ.

ಈ ಡೈರಿ ತಿರುವಿ ಆ ದಿನದ ಪುಟ ನೋಡಿದೆ. ಆಗ ಅಂಗಡಿಯಲ್ಲಿದ್ದವರು ನಾನು, ಅತ್ತೆ. ಗಿರಾಕಿ ಕೂಡ ಇರಲಿಲ್ಲ.

‘ಫೋನ್ ಯಾರಿಗರೆ ಸಿಕ್ಕಿರಬೇಕ್ರಿ. ರಿಪೇರಿ ಮಾಡಿಸಿ ಇಟ್ಕೊಂಡಿರಬೇಕು. ಅಂಗಡಿ ಮುಂದ ಹಾದು ಹೋಗಿರಬೇಕು,’ ಎಂದರು ಖಾಜಾಮಿಯಾ. ಹೇಳುತ್ತ ತಾವೇ ಬಾಗಿಲ ಕಡೆ ನೋಡಿದರು.

ಆ ಪ್ರೋಗ್ರಾಮ್ ನಿಲ್ಲಿಸುವುದು ಸುಲಭವಂತೆ. ಒಂದೇ ಸಾಲು, ಕೊನೆಯಲ್ಲಿ ಯೂಸರ್ ಹೆಸರು. ‘ನಾ ಹೊಡೀಲೇನ್ರಿ ವೈನಿ?’

‘ಬ್ಯಾಡ್ರಿ,’ ಎಂದೆ. ಕೀಬೋರ್ಡ್ ನನ್ನ ಕಡೆ ಎಳೆದುಕೊಂಡೆ. ಹೊಡೆಯಲಿಲ್ಲ.

ಜುಲೈ 22

ಸಂಜೆ ಆರಿಸುವಾಗ ಈಗ ಬೈಯುವುದಿಲ್ಲ. ಪೂರ್ತಿ ಕಾಯುತ್ತೇನೆ. ನಿನ್ನೆ ಕರೆಂಟ್ ಹೋಗಿ ಅರ್ಧಕ್ಕೇ ಆರಿತು. ‘ತಪ್ಪಾಯ್ತರಿ,’ ಎಂದೆ. ಯಾರಿಗೆ?

ಜುಲೈ 24, ಅಮಾವಾಸ್ಯೆ. ಸಂಜೆ

ಹೋಗಿ ಬಂದೆವು. ಕೃಷ್ಣೆ ತುಂಬಿ ಕೆಂಪಗೆ ಹರಿಯುತ್ತಿದ್ದಳು. ದೋಣಿ ಇಲ್ಲ, ಮೀನುಗಾರರಿಲ್ಲ. ಗೊಂಬೆಗೆ ನೀಲಿ ಚೌಕಳಿ ಅಂಗಿ ತೊಡಿಸಿದ್ದರು. ತೋಳು ಸಣ್ಣವಾಗಿ ಅಂಗಿ ಜೋತು ಬಿದ್ದಿತ್ತು.

ಮೊದಲ ಸಲ ಕರೆದೆ. ದನಿ ನನಗೇ ಕೇಳಿಸಲಿಲ್ಲ. ಎರಡನೆಯ ಸಲ ಜೋರಾಗಿ ಬಂತು. ಒಂಬತ್ತು ವರ್ಷ ಒಳಗಿದ್ದ ಹೆಸರು, ಆ ದಂಡೆಗೆ ಹೋಗಿ ಬಡಿಯಿತು. ಎಷ್ಟು ಚೆಂದದ ಹೆಸರು ಅನ್ನಿಸಿತು. ಓ ಎನ್ನಲಿಲ್ಲ ಯಾರೂ.

‘ಕರೀ ಯವ್ವಾ. ಇನ್ನೊಂದೇ ಸಲ.’

‘ಆಗೂದಿಲ್ಲತ್ತಿ.’

ಹಿರಿಯರು ಗೊಣಗಿದರು. ಅತ್ತೆ ಬೈಯಲಿಲ್ಲ. ಗೊಂಬೆಯನ್ನು ನೀರಿಗೆ ಬಿಡದೆ ಎತ್ತಿಕೊಂಡರು. ಟೆಂಪೋದಲ್ಲಿ ಊರು ಬರುವವರೆಗೂ ತೊಡೆಯ ಮೇಲೆ ಮಲಗಿಸಿಕೊಂಡು, ಕಾಲರ್ ಸರಿ ಮಾಡುತ್ತ ಕೂತಿದ್ದರು.

ಜುಲೈ 25, ಶುಕ್ರವಾರ. ಬೆಳಿಗ್ಗೆ 9.30

ಬಟನ್ ಒತ್ತಿದೆ. ಇಪ್ಪತ್ತು ಸೆಕೆಂಡಿಗೆ ಶುರು. ದಾಖಲೆ ತೆರೆದೆ. ಈಗ ದಿನಾ ಮೊದಲು ಅದೇ ಕೆಲಸ.

9.17. ಸಿಕ್ಕಿತು. ಹೊಸ ಫೋಟೊ ಒಂದು.

ತೆಗೆದ ಹೊತ್ತು ನಿನ್ನೆ ಬೆಳಿಗ್ಗೆ 10.52 ಎಂದಿದೆ. ಬರೆದಿಡಬೇಕು, ಇಲ್ಲವಾದರೆ ನಾಳೆ ನಾನೇ ನಂಬುವುದಿಲ್ಲ.

ಹೊಳೆಯ ದಂಡೆ. ಅತ್ತೆಯ ಹಸಿರು ಸೀರೆ. ಗೊಂಬೆ. ನಡುವೆ ನಾನು, ಬಾಯಿ ತೆರೆದು ಕರೆಯುತ್ತಿದ್ದೇನೆ. ಫೋಟೊದ ಕೆಳಗಿನ ಅರ್ಧವೆಲ್ಲ ಕೆಂಪು ನೀರು. ನೀರಿನ ಕಡೆಯಿಂದ ತೆಗೆದದ್ದು. ನೀರಿನ ಮಟ್ಟಕ್ಕೇ ಹಿಡಿದು.

ಖಾಜಾಮಿಯಾ ಫೋನ್ ಎತ್ತುತ್ತಿಲ್ಲ.

9.22. ಸಿಕ್ಕಿತು. 9.27. ಸಿಕ್ಕಿತು. ಅವರ ಫೋನ್ ಹೋಗಿಲ್ಲ, ಇಲ್ಲೇ ಇದೆ. ಶಟರ್ ಅರ್ಧ ಇಳಿಸಿದೆ. ಅಂಗಡಿಯಲ್ಲಿ ನಾನೊಬ್ಬಳೇ. ಹಿಂದಿನ ಕೋಣೆಯಿಂದ ಹಸಿ ಮಣ್ಣಿನ ವಾಸನೆ.

ಹೆದರಿಕೆಯಿದೆ. ಆದರೂ ಓಡಿ ಹೋಗಬೇಕು ಅನ್ನಿಸುತ್ತಿಲ್ಲ. ಅಂದರೆ ನಾನು ಕರೆದದ್ದನ್ನು ಅವರು ಕೇಳಿಸಿಕೊಂಡಿದ್ದಾರೆ. ಎರಡೂ ಸಲ. ಆ ಸಾಲು ಹೊಡೆದರೆ ಹುಡುಕಾಟ ನಿಂತುಬಿಡುತ್ತದೆ, ಗೊತ್ತು. ಹೊಡೆಯುವುದಿಲ್ಲ. ಮೂರನೆಯ ಸಲ ಕರೆಯುವುದು ಬಾಕಿ ಇದೆ, ಅದನ್ನು ಇಲ್ಲೇ ಕರೆಯುತ್ತೇನೆ. ಮೊದಲು ಇಲ್ಲಿ ಬರೆದುಕೊಂಡು, ಆಮೇಲೆ ನೋಡಿ ಓದುತ್ತೇನೆ.

ತಿರುಪ