ಪುಟ್ಟಿಗೆ ದಡಾರದ ಸೂಜಿ

ಪ್ರೀತಿಯ ಅಕ್ಕನಿಗೆ,

ನಾನು ಆರಾಮಾಗಿದ್ದೇನೆ. ಕಾಲೇಜಿನಿಂದ ಈ ದೇಶಕ್ಕೆ ಸೇವೆಗೆಂದು ಬಂದ ನಮಗೆಲ್ಲ ಒಂದೇ ಕೆಲಸ. ಇಲ್ಲಿನ ನರ್ಸ್ ಜೊತೆ ಮನೆಮನೆಗೆ ಹೋಗಿ, ಮಕ್ಕಳಿಗೆ ದಡಾರದ ಲಸಿಕೆ ಹಾಕಿಸಿ ಎಂದು ಹೇಳುವುದು.

ಹೋದ ವಾರ ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಮಿಷನ್ ನಿಲ್ಲಿಸದೆಯೇ ನನ್ನ ಮಾತೆಲ್ಲ ಕೇಳಿದಳು. ಅವಳ ಮಗು ಕಾಲ ಬಳಿ ಚಿಂದಿ ಬಟ್ಟೆಗಳಲ್ಲಿ ಆಡುತ್ತಿತ್ತು. ಆಮೇಲೆ, "ನಿಮ್ಮ ಮನೆ ಮಕ್ಕಳಿಗೆ ಹಾಕಿಸಿದ್ದೀರಾ?" ಎಂದು ನರ್ಸ್ ಮೂಲಕ ಕೇಳಿದಳು.

"ಅಕ್ಕನ ಮಗಳಿಗೆ ಇನ್ನೂ ಇಲ್ಲ. ಹಿಂದಿನ ಸೂಜಿಗೆ ಜ್ವರ ಬಂತು ಅಂತ ಅಕ್ಕನ ಅತ್ತೆ ಬೇಡ ಅಂದಿದ್ದಾರೆ" ಎಂದೆ.

"ಹಾಗಾದ್ರೆ ಮೊದಲು ನಿಮ್ಮಕ್ಕ ಹಾಕಿಸಲಿ, ಆಮೇಲೆ ನಾನು ನೋಡ್ತೀನಿ" ಎಂದಳು.

ದಾರಿಯಲ್ಲಿ ನರ್ಸ್, "ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ಗೊಣಗಿದರು.

ಮೊನ್ನೆ ಅವಳ ಪಕ್ಕದ ಮನೆಯ ಮಗು ದಡಾರದಿಂದ ತೀರಿಕೊಂಡಿತು. ನಿನ್ನೆ ಬೆಳಿಗ್ಗೆ ನಾವು ಬಾಗಿಲು ತೆಗೆಯುವ ಮೊದಲೇ ಅವಳು ಮಗುವನ್ನು ಎತ್ತಿಕೊಂಡು ಬಂದು ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತಿದ್ದಳು. ಸೂಜಿ ಹಾಕಿಸಿ ಹೊರಡುವಾಗ, "ನಾನು ಕಾಯಲಿಲ್ಲ ಅಂತ ನಿಮ್ಮಕ್ಕನಿಗೆ ಹೇಳಿ" ಎಂದಳು.

ಬುಧವಾರ ನಿಮ್ಮ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕುತ್ತಾರೆ. ಪುಟ್ಟಿಗೆ ತೋಳು ಸಡಿಲವಿರುವ ಅಂಗಿ ತೊಡಿಸು. ವಾರ ಹತ್ತು ದಿನ ಕಳೆದ ಮೇಲೆ ಕೊಂಚ ಜ್ವರ ಬರಬಹುದು, ತಾನಾಗಿಯೇ ಇಳಿಯುತ್ತದೆ. ಅತ್ತೆ ಕೇಳಿದರೆ ನಾನೇ ಹಠ ಮಾಡಿದೆ ಅನ್ನು. ಬೈಯುವುದಿದ್ದರೆ ನನ್ನನ್ನೇ ಬೈಯಲಿ.

ನಿನ್ನ ತಂಗಿ