ಗಂಟಲ ಹಿಂದಿನ ಹೊಗೆ

ಕುದೂರು, ಸೋಮವಾರ ಸಂಜೆ

ಉಯ್ಯಂಬಳ್ಳಿಯ ಅಕ್ಕನಿಗೆ ನವ್ಯಶ್ರೀ ಮಾಡುವ ನಮಸ್ಕಾರ. ಫೋನಿನಲ್ಲಿ ಹೇಳಹೊರಟರೆ ಅಳು ಬರುತ್ತದೆ, ಅದಕ್ಕೇ ಕಾರ್ಡು.

ಜ್ವರ ಬಿಟ್ಟ ಮೇಲೂ ನನಗೆ ಯಾವ ವಾಸನೆಯೂ ತಿಳಿಯುತ್ತಿಲ್ಲ. ವಿಸ್ಕಿ ಫ್ಯಾಕ್ಟರಿಯಲ್ಲಿ ನನ್ನದು ಮೂಗಿನ ಕೆಲಸ, ಹೇಗೆ ಹೇಳಲಿ ಎಂದು ಸುಮ್ಮನಿದ್ದೆ. ಇವತ್ತು ಹೊಸ ಮಾಲಿನ ರುಚಿ ನೋಡಲು ಕೂರಿಸಿದರು. ಪೀಟ್ ಎಂಬ ಜೌಗುಮಣ್ಣು ಸುಟ್ಟ ಹೊಗೆಯಲ್ಲಿ ಬಾರ್ಲಿ ಒಣಗಿಸಿ ಮಾಡಿದ್ದು, ಕೊನೆಗೆ ರಮ್ ಇದ್ದ ಪೀಪಾಯಿಯಲ್ಲಿ ಇಟ್ಟಿದ್ದರಂತೆ. ಮೂಗಿಗೆ ಹಿಡಿದರೆ ನೀರಿನ ಹಾಗೆ, ಏನೂ ಇಲ್ಲ. ಯಾವ ವಾಸನೆ ಬಂತೆಂದು ಚೀಟಿಯಲ್ಲಿ ಬರೆಯಬೇಕು; ಪಕ್ಕದವಳು ಬರೆದದ್ದು ಕಾಣುತ್ತಿತ್ತು, ನೋಡಿ ಬರೆಯಲು ಮನಸ್ಸಾಗಲಿಲ್ಲ. ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಗಂಟಲ ಹಿಂದಿನಿಂದ ಹೊಗೆ ಎದ್ದಿತು ಅಕ್ಕ! ಸೊಳ್ಳೆ ಓಡಿಸಲು ಅಪ್ಪ ಕುರಿಹಟ್ಟಿಯಲ್ಲಿ ಹಾಕುತ್ತಾರಲ್ಲ, ಅಂಥದ್ದು. ಹಿಂದೆಯೇ ಸುಟ್ಟ ಬೆಲ್ಲ. ಅಲ್ಲೇ ಅತ್ತುಬಿಟ್ಟೆ.

ನಮ್ಮ ಲ್ಯಾಬಿನ ಹಿರಿಯರು ಬೀರಲಿಂಗಯ್ಯ ಸರ್ ಗಾಬರಿಯಾಗಿ, "ಯಾಕವ್ವಾ, ಖಾರ ಆಯ್ತಾ?" ಅಂದರು. ಎಲ್ಲ ಹೇಳಿಬಿಟ್ಟೆ.

"ಮೊದ್ಲೇ ಹೇಳಾದಲ್ವಾ? ಒಂದ್ವಾರ ಸ್ಟೋರಲ್ಲಿರು. ಮೂಗು ಸರಿಹೋದ್ರೆ ಬಾ. ಆಗ್ನಿಲ್ಲ ಅಂದ್ರೆ ನಾನಾದ್ರೂ ಏನ್ ಮಾಡಕಾಯ್ತದೆ?"

ರೂಮಿಗೆ ಬಂದು ಸೋಪು, ಕಾಫಿಪುಡಿ, ಈರುಳ್ಳಿ ಎಲ್ಲ ಮೂಸಿದೆ. ಈರುಳ್ಳಿಗೆ ಕಣ್ಣು ಉರಿಯಿತು, ವಾಸನೆ ಮಾತ್ರ ಇಲ್ಲ. ಆ ಹೊಗೆ ನಿಜವಾಗಿ ಬಂತೋ, ನನ್ನ ಆಸೆಯೋ ಗೊತ್ತಾಗುತ್ತಿಲ್ಲ.

ಜ್ವರ ಪೂರ್ತಿ ಇಳಿದಿದೆ, ಊಟ ಸೇರುತ್ತಿದೆ. ಅಮ್ಮನಿಗೆ ಓದುವಾಗ ವಿಸ್ಕಿ ಬಾಯಿಗೆ ಹಾಕಿದ್ದನ್ನು ಬಿಟ್ಟು ಓದು. ಕಾರ್ಡಿನಲ್ಲಿ ಇನ್ನು ಜಾಗವಿಲ್ಲ. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದಾರೆ. ಚಟಪಟ ಕೇಳುತ್ತಿದೆ, ಅಷ್ಟೇ.

ನಿನ್ನ ನವ್ಯ